ಮುಖಜಭೂಮಿಯ ನೆರೆ ಬದಲಾದದ್ದು ಅಣೆಕಟ್ಟಿನಿಂದಲೋ, ಹವಾಮಾನದಿಂದಲೋ: ಲೆಕ್ಕ ಹಾಕುವ ಬಗೆ

ನದಿ ಸಮುದ್ರ ಸೇರುವ ಕಡೆ ನೆರೆ ಮೊದಲಿನಂತಿಲ್ಲ ಎಂಬುದು ಗೊತ್ತಾದ ಕೂಡಲೇ ಏಳುವ ಪ್ರಶ್ನೆ, ಇದು ಮೇಲಿನ ಅಣೆಕಟ್ಟಿನ ಕೆಲಸವೋ ಹವಾಮಾನ ಬದಲಾವಣೆಯ ಕೆಲಸವೋ ಎಂಬುದು. ಪ್ರತಿ ವರ್ಷದ ಗರಿಷ್ಠ ಹರಿವಿನ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಹುಡುಕುವವರೇ ಹೆಚ್ಚು. ಆ ಪಟ್ಟಿಯೊಂದರಿಂದಲೇ ಉತ್ತರ ಸಿಗುವುದಿಲ್ಲ. ಅಣೆಕಟ್ಟು ಮುಖ್ಯವಾಗಿ ನೀರು ಬರುವ ಕಾಲವನ್ನೂ ನೀರಿನ ಜೊತೆ ಬರುವ ಹೂಳನ್ನೂ ಬದಲಿಸುತ್ತದೆ. ಹವಾಮಾನ ಬದಲಾದರೆ ಮಳೆಯ ಬಿರುಸು, ಬರಗಾಲದ ಉದ್ದ, ಸಮುದ್ರದ ಮಟ್ಟ ಬದಲಾಗುತ್ತವೆ. ಇವೆರಡರ ಮಧ್ಯೆ ಎಲ್ಲರೂ ಮರೆಯುವ ಮೂರನೆಯದೊಂದಿದೆ: ಮುಖಜಭೂಮಿಯ ನೆಲ ತಾನಾಗಿಯೂ ಅಂತರ್ಜಲ ಎತ್ತುವುದರಿಂದಲೂ ಕುಸಿಯುತ್ತಿರುತ್ತದೆ. ಈ ಮೂರೂ ದಾಖಲೆಯ ಬೇರೆ ಬೇರೆ ಕಡೆ ಗುರುತು ಬಿಡುತ್ತವೆ. ಆ ಗುರುತುಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ವಿಧಾನ ಇಲ್ಲಿದೆ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ

ಮುಖಜಭೂಮಿಯನ್ನು ಒಂದೇ ಜಾಗವೆಂದು ಎಣಿಸಬೇಡಿ. ಮೇಲ್ಭಾಗದಲ್ಲಿ ನದಿಯದೇ ಆಡಳಿತ, ಕೆಳಭಾಗದಲ್ಲಿ ಉಬ್ಬರ-ಇಳಿತದ್ದು, ನಡುವೆ ಇಬ್ಬರ ಜಗ್ಗಾಟ. ಸಮುದ್ರದ ಪ್ರಭಾವ ಎಷ್ಟು ದೂರ ಮೇಲಕ್ಕೆ ಬರುತ್ತದೆ ಎಂಬುದಕ್ಕೆ ಸುಲಭದ ಅಂದಾಜು ಇದೆ. ನದಿಯ ಆಳವನ್ನು ಇಳಿಜಾರಿನಿಂದ ಭಾಗಿಸಿ. 15 ಮೀಟರ್ ಆಳ, ಕಿಲೋಮೀಟರಿಗೆ 5 ಸೆಂ.ಮೀ. ಇಳಿಜಾರು ಇದ್ದರೆ ಸುಮಾರು 300 ಕಿ.ಮೀ.ವರೆಗೂ ಸಮುದ್ರದ ಹಿನ್ನೀರಿನ ಎಳೆತ ಇರುತ್ತದೆ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯಲ್ಲಿ ಬೇಸಿಗೆಯ ಉಬ್ಬರ ವಿಯೆಟ್ನಾಂ ದಾಟಿ ಕಾಂಬೋಡಿಯಾದವರೆಗೂ ತಿಳಿಯುತ್ತದೆ. ಮಳೆಗಾಲದಲ್ಲಿ ಅದೇ ಉಬ್ಬರವನ್ನು ನದಿ ಬಹಳ ಕೆಳಕ್ಕೆ ದೂಡುತ್ತದೆ.

ಆದ್ದರಿಂದ ಪ್ರತಿ ಮಾಪನ ಕೇಂದ್ರದ ಗಂಟೆಗಂಟೆಯ ನೀರಿನ ಮಟ್ಟ ತೆಗೆದುಕೊಂಡು ಎರಡು ಕಾಲ ನೋಡಿ. ಬೇಸಿಗೆಯಲ್ಲೂ ನೆರೆಯಲ್ಲೂ ದಿನಾ ಏರಿಳಿತ ಕಂಡರೆ ಅದು ಕೆಳಪಟ್ಟಿ. ಬೇಸಿಗೆಯಲ್ಲಿ ಮಾತ್ರ ಕಂಡರೆ ನಡುಪಟ್ಟಿ. ಎರಡರಲ್ಲೂ ಕಾಣದಿದ್ದರೆ ಮೇಲ್ಪಟ್ಟಿ. ಈ ಗುರುತು ನಕ್ಷೆಯ ಮೇಲೆ ಬಿದ್ದ ಮೇಲೆಯೇ ಮುಂದಿನ ಕೆಲಸ. ಮೇಲ್ಪಟ್ಟಿಯ ಕೇಂದ್ರದಲ್ಲಿ ನೆರೆ ಇಳಿದಿದೆ ಎಂದು ತೋರಿಸಿ ಕೆಳಪಟ್ಟಿಯ ಊರು ಕ್ಷೇಮ ಎನ್ನುವುದು ದೊಡ್ಡ ತಪ್ಪು. ಒಂದೇ ವರ್ಷದಲ್ಲಿ ಅಲ್ಲಿ ನೆರೆ ಇಳಿದು ಇಲ್ಲಿ ಏರಬಹುದು.

ಅಂಕಿಅಂಶ: ಏನು, ಎಷ್ಟು ವರ್ಷದ್ದು

ದಿನವಹಿ ಹರಿವು ಕನಿಷ್ಠ 30 ವರ್ಷದ್ದಿರಲಿ. ದೊಡ್ಡ ಅಣೆಕಟ್ಟು ಬರುವ ಮುಂಚಿನದು 15–20 ವರ್ಷ, ಆಮೇಲಿನದು ಅಷ್ಟೇ ಇದ್ದರೆ ಒಳ್ಳೆಯದು. ಜಲಾಶಯ ತುಂಬಿಸಿದ ಮೊದಲ ವರ್ಷಗಳನ್ನು ಎರಡೂ ಗುಂಪಿನಿಂದ ಹೊರಗಿಡಿ, ಅವು ಯಾವ ಕಾಲಕ್ಕೂ ಸೇರಿದವಲ್ಲ. ಜಲಾಶಯದಿಂದ ದಿನವಹಿ ಮಟ್ಟ, ಒಳಹರಿವು, ಹೊರಹರಿವು, ನಾಲೆಗೆ ಬಿಟ್ಟದ್ದು, ಆವಿಯಾದದ್ದು ಬೇಕು. ಮಳೆಗೆ ಮಾಪಕಗಳ ದಾಖಲೆಯೇ ಮೊದಲು. ಅದು ಸಾಲದ ಕಡೆ 1981ರಿಂದ ಸಿಗುವ ಚಿರ್ಪ್ಸ್ (ಉಪಗ್ರಹ ಮತ್ತು ಮಾಪಕ ಸೇರಿಸಿ ಮಾಡಿದ ಮಳೆಯ ಅಂಕಿ), 1940ರಿಂದ ಸಿಗುವ ಇಆರ್‌ಎ5 (ಹಳೆಯ ಹವಾಮಾನವನ್ನು ಮಾದರಿಯಿಂದ ಮರುಲೆಕ್ಕ ಹಾಕಿದ ಅಂಕಿ) ಬಳಸಬಹುದು. ನೆರೆ ಹರಡಿದ ವಿಸ್ತಾರಕ್ಕೆ 2014ರಿಂದ ಇರುವ ಸೆಂಟಿನೆಲ್-1 ರೇಡಾರ್ ಚಿತ್ರಗಳು ಮೋಡದಡಿಯಲ್ಲೂ ಕೆಲಸಕ್ಕೆ ಬರುತ್ತವೆ. ಅದಕ್ಕೂ ಹಿಂದಿನದಕ್ಕೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿವೆ, ಆದರೆ ನೆರೆಯ ದಿನಗಳಲ್ಲೇ ಮೋಡ ಕವಿದಿರುವುದರಿಂದ ಅದರಲ್ಲಿ ನೆರೆಯ ಶಿಖರ ತಪ್ಪಿಹೋಗುವುದೇ ಹೆಚ್ಚು.

ಅಳತೆಗಳನ್ನು ಒಂದೇ ಮಾನಕ್ಕೆ ತನ್ನಿ. ಸೆಕೆಂಡಿಗೆ 1 ಘನ ಮೀಟರ್, ಅಂದರೆ 1 ಕ್ಯೂಮೆಕ್, 35.3 ಕ್ಯೂಸೆಕ್. 1 ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಸುಮಾರು 11,570 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ.

ಜಲಾಶಯದ ಒಳಹರಿವಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಬಹಳಷ್ಟು ಕಡೆ ಅದನ್ನು ನೇರವಾಗಿ ಅಳೆಯುವುದಿಲ್ಲ, ಜಲಾಶಯದ ಮಟ್ಟ ಎಷ್ಟು ಏರಿತು ಎಂಬುದರಿಂದ ಲೆಕ್ಕ ಹಾಕುತ್ತಾರೆ. 300 ಚದರ ಕಿ.ಮೀ. ಹರಡಿದ ಜಲಾಶಯದಲ್ಲಿ ಮಟ್ಟ ಓದುವಾಗ 1 ಸೆಂ.ಮೀ. ತಪ್ಪಿದರೆ 30 ಲಕ್ಷ ಘನ ಮೀಟರ್ ತಪ್ಪಿದಂತೆ. ದಿನದ ಲೆಕ್ಕದಲ್ಲಿ ಅದು ಸುಮಾರು 35 ಕ್ಯೂಮೆಕ್, ಗಂಟೆಯ ಲೆಕ್ಕದಲ್ಲಿ 830 ಕ್ಯೂಮೆಕ್. ಗಾಳಿಗೆ ಎದ್ದ ಅಲೆಯೊಂದು ಇಷ್ಟು ಮಾಡಬಲ್ಲದು. ಹಾಗಾಗಿ ಮೂರು ದಿನದ ಸರಾಸರಿ ತೆಗೆದುಕೊಳ್ಳಿ.

ನೆಲದ ಎತ್ತರದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಉಪಗ್ರಹದಿಂದ ಬಂದ ಎತ್ತರದ ನಕ್ಷೆಗಳು ಮರದ ತುದಿಯನ್ನೂ ಮನೆಯ ಚಾವಣಿಯನ್ನೂ ನೆಲವೆಂದು ಎಣಿಸಿಬಿಡುತ್ತವೆ. ಅವುಗಳ ಸೊನ್ನೆ ಮಟ್ಟವೂ ಆ ಕರಾವಳಿಯ ಸಮುದ್ರಮಟ್ಟ ಆಗಿರುವುದಿಲ್ಲ. ಮೆಕಾಂಗ್ ಮುಖಜಭೂಮಿಯ ಸರಾಸರಿ ಎತ್ತರ ಸುಮಾರು 2.6 ಮೀಟರ್ ಎಂದು ಬಹಳ ಕಾಲ ಲೆಕ್ಕ ಹಾಕುತ್ತಿದ್ದರು. ಸ್ಥಳೀಯ ಸರ್ವೆ ಬಿಂದುಗಳನ್ನು ಸ್ಥಳೀಯ ಸಮುದ್ರಮಟ್ಟಕ್ಕೆ ಹೊಂದಿಸಿ ನೋಡಿದಾಗ ಅದು ಬರೀ 0.8 ಮೀಟರ್. ಈ ಒಂದು ತಪ್ಪಿನ ಮುಂದೆ ಮುಂದಿನ ಎಲ್ಲ ಸೂಕ್ಷ್ಮ ಲೆಕ್ಕವೂ ಕೊಚ್ಚಿಹೋಗುತ್ತದೆ.

ನದಿಯ ಪಾತ್ರ ಇಳಿದಿದೆಯೇ, ಏರಿದೆಯೇ

ನಮ್ಮ ಮಟ್ಟಿಗೆ ಇಡೀ ಕೆಲಸದ ಬೆನ್ನೆಲುಬು ಈ ಹಂತ. ಇದನ್ನು ಹಾರಿಸಿ ಬರೆದ ವರದಿಯನ್ನು ಬಳಸದಿರುವುದೇ ಮೇಲು.

ಮಾಪನ ಕೇಂದ್ರಗಳು ದಿನಾ ಅಳೆಯುವುದು ನೀರಿನ ಮಟ್ಟವನ್ನು. ಆ ಮಟ್ಟವನ್ನು ಒಂದು ಕೋಷ್ಟಕದ ಮೂಲಕ ಹರಿವಾಗಿ ಬದಲಿಸುತ್ತಾರೆ. ಪಾತ್ರದ ಆಕಾರ ಬದಲಾಗದವರೆಗೆ ಆ ಕೋಷ್ಟಕ ಸರಿ. ಆದರೆ ಮೇಲೆ ಜಲಾಶಯದಲ್ಲಿ ಹೂಳು ಬಿಟ್ಟು ಬಂದ ತಿಳಿನೀರು ಕೆಳಗಿನ ಪಾತ್ರವನ್ನು ಕೊರೆಯುತ್ತದೆ. ಮರಳು ಎತ್ತುವವರು ಅದನ್ನು ಇನ್ನಷ್ಟು ಆಳ ಮಾಡುತ್ತಾರೆ. ಆಗ ಅಷ್ಟೇ ನೀರು ಕಡಿಮೆ ಮಟ್ಟದಲ್ಲಿ ಹರಿಯುತ್ತದೆ.

ಪರೀಕ್ಷಿಸುವುದು ಹೀಗೆ. ಕೋಷ್ಟಕದಿಂದ ಬಂದ ಹರಿವನ್ನು ಪಕ್ಕಕ್ಕಿಡಿ. ದೋಣಿಯಲ್ಲಿ ಹೋಗಿ ನೀರಿನ ವೇಗ ಅಳೆಯುವ ಕರೆಂಟ್ ಮೀಟರ್‌ನಿಂದಲೋ, ಶಬ್ದದ ಅಲೆಯಿಂದ ಅದನ್ನು ಅಳೆಯುವ ಎಡಿಸಿಪಿ ಯಂತ್ರದಿಂದಲೋ ನೇರವಾಗಿ ಅಳೆದ ಹರಿವಿನ ಮೂಲ ಪುಸ್ತಕ ಕೇಳಿ ಪಡೆಯಿರಿ. ಒಂದು ಹರಿವನ್ನು ಆರಿಸಿ, 5,000 ಕ್ಯೂಮೆಕ್ ಎಂದಿಟ್ಟುಕೊಳ್ಳಿ. ಅದಕ್ಕೆ ಶೇ 5ರಷ್ಟು ಆಚೀಚೆ ಬಂದ ಎಲ್ಲ ಅಳತೆಗಳನ್ನು ಹೆಕ್ಕಿ, ಆ ದಿನದ ನೀರಿನ ಮಟ್ಟವನ್ನು ವರ್ಷದ ಎದುರು ಬರೆಯಿರಿ. ಮೊದಲ ದಶಕದಲ್ಲಿ 6.2 ಮೀಟರ್ ಇದ್ದದ್ದು ಮೂರನೇ ದಶಕದಲ್ಲಿ 5.1 ಮೀಟರಿಗೆ ಬಂದಿದ್ದರೆ ಪಾತ್ರ ಇಳಿದಿದೆ. ಹಳೆಯ ಕೋಷ್ಟಕವನ್ನೇ ಬಳಸುತ್ತಾ ಹೋದರೆ 5.1 ಮೀಟರ್ ನೋಡಿ ಅದು ಹರಿವನ್ನು 5,000ಕ್ಕಿಂತ ಬಹಳ ಕಡಿಮೆ ಎಂದು ತೋರಿಸುತ್ತದೆ. ನೆರೆ ತಗ್ಗಿದೆ, ಅಣೆಕಟ್ಟು ರಕ್ಷಿಸಿದೆ ಎಂಬ ತೀರ್ಮಾನ ಹುಟ್ಟುವುದೇ ಇಲ್ಲಿಂದ. ನೀರು ಅಷ್ಟೇ ಬಂದಿರುತ್ತದೆ.

ಇದನ್ನು ಮೂರು ಹರಿವುಗಳಿಗೆ ಮಾಡಿ: ಬೇಸಿಗೆಯದು, ದಂಡೆ ತುಂಬುವ ಮಟ್ಟದ್ದು, ಅದಕ್ಕಿಂತ ದೊಡ್ಡದು. ಬೇಸಿಗೆಯ ಗೆರೆ ಇಳಿದು ದೊಡ್ಡ ನೆರೆಯ ಗೆರೆ ಏರುವುದೂ ಉಂಟು. ಪಾತ್ರ ಆಳವಾಯಿತು, ಜೊತೆಗೆ ಎರಡೂ ದಂಡೆಗೆ ಒಡ್ಡು ಕಟ್ಟಿ ನೀರು ಹರಡುವ ಜಾಗ ಕಿರಿದಾಯಿತು ಎಂದು ಇದರ ಅರ್ಥ. ಕೆಳಪಟ್ಟಿಯ ಕೇಂದ್ರದಲ್ಲಿ ಮಾತ್ರ ಈ ಪರೀಕ್ಷೆ ನೇರವಾಗಿ ನಡೆಯದು. ಅಲ್ಲಿ ಒಂದೇ ಹರಿವಿಗೆ ಉಬ್ಬರದ ಹೊತ್ತಿನಲ್ಲಿ ಒಂದು ಮಟ್ಟ, ಇಳಿತದಲ್ಲಿ ಇನ್ನೊಂದು.

ಪಾತ್ರ ಇಳಿಯುವುದು ನೆರೆಗೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಮೇಲ್ಪಟ್ಟಿಯಲ್ಲಿ ಸ್ವಲ್ಪ ಹೌದು. ಕೆಳಗೆ ಆಳವಾದ ಪಾತ್ರ ಉಬ್ಬರಕ್ಕೆ ದಾರಿ ಬಿಡುತ್ತದೆ. ಮೆಕಾಂಗ್‌ನಲ್ಲಿ ಮರಳು ತೆಗೆದು ಕವಲುಗಳು ಆಳವಾದಂತೆ ಉಬ್ಬರದ ಎತ್ತರ ಹೆಚ್ಚಿತು, ಉಪ್ಪುನೀರು ಇನ್ನಷ್ಟು ಒಳಗೆ ನುಗ್ಗಿತು. ಚೀನಾದ ಹಳದಿ ನದಿಯದು ಇದಕ್ಕೆ ತದ್ವಿರುದ್ಧ: ಒಡ್ಡುಗಳ ನಡುವೆ ಹೂಳು ಕೂತು ಪಾತ್ರವೇ ಸುತ್ತಲಿನ ಬಯಲಿಗಿಂತ ಎಷ್ಟೋ ಮೀಟರ್ ಮೇಲೆದ್ದಿದೆ.

ಅಣೆಕಟ್ಟಿನ ಪಾಲು

ಒಂದು ಸಣ್ಣ ಲೆಕ್ಕ ಮನಸ್ಸಿನಲ್ಲಿದ್ದರೆ ಬಹಳಷ್ಟು ವಾದಗಳು ತಾವೇ ಬಗೆಹರಿಯುತ್ತವೆ. ಉಪಯುಕ್ತ ಸಂಗ್ರಹ (ಬಳಸಲು ಸಿಗುವ ನೀರು) 10 ಘನ ಕಿ.ಮೀ. ಇರುವ ಜಲಾಶಯ ಮಳೆಗಾಲದ 100 ದಿನಗಳಲ್ಲಿ ತುಂಬಿತು ಎಂದುಕೊಳ್ಳಿ. ಅಷ್ಟೂ ದಿನ ನದಿಯಿಂದ ಸರಾಸರಿ 1,157 ಕ್ಯೂಮೆಕ್ ಹಿಡಿದಿಟ್ಟಂತೆ. ಅದೇ ನೀರನ್ನು ವಿದ್ಯುತ್ತಿಗಾಗಿ ಬೇಸಿಗೆಯ 150 ದಿನ ಬಿಟ್ಟರೆ ದಿನಾ 772 ಕ್ಯೂಮೆಕ್ ಹೆಚ್ಚಿಗೆ. ಮಳೆಗಾಲದಲ್ಲಿ ನದಿ 12,000 ಕ್ಯೂಮೆಕ್ ಹರಿಯುತ್ತಿದ್ದರೆ ಹಿಡಿದದ್ದು ಶೇ 10ಕ್ಕೂ ಕಡಿಮೆ, ಅಳತೆಯ ತಪ್ಪಿನಲ್ಲೇ ಮುಚ್ಚಿಹೋಗುವಷ್ಟು. ಬೇಸಿಗೆಯ ಸಹಜ ಹರಿವು 1,000 ಕ್ಯೂಮೆಕ್ ಆಗಿದ್ದರೆ ಅದು ಶೇ 77 ಏರಿತು. ಅಣೆಕಟ್ಟಿನ ಗುರುತು ಬೇಸಿಗೆಯಲ್ಲಿ ಎದ್ದು ಕಾಣುತ್ತದೆ, ನೆರೆಯಲ್ಲಿ ಮಸುಕಾಗುತ್ತದೆ. ನೀರು ನಾಲೆಗೆ ಹೋಗುವ ನದಿಯಲ್ಲಾದರೆ ಈ ಚಿತ್ರ ತಿರುವುಮುರುವು: ಬಿಟ್ಟ ನೀರು ಕೆಳಗೆ ಬರುವುದೇ ಇಲ್ಲ. ಹಳದಿ ನದಿಯ ಬಾಯಿಯ ಬಳಿ 1997ರಲ್ಲಿ 226 ದಿನ ನೀರೇ ಹರಿಯಲಿಲ್ಲ.

ಸಂಗ್ರಹ ವಾರ್ಷಿಕ ಹರಿವಿಗಿಂತ ದೊಡ್ಡದಾದರೆ ಕಥೆಯೇ ಬೇರೆ. ನೈಲ್ ನದಿಯ ವಾರ್ಷಿಕ ಹರಿವು ಅಸ್ವಾನ್‌ನಲ್ಲಿ ಸರಾಸರಿ 84 ಘನ ಕಿ.ಮೀ. ಅಲ್ಲಿ 1970ರಲ್ಲಿ ಮುಗಿದ ಎತ್ತರದ ಅಣೆಕಟ್ಟಿನ ಜಲಾಶಯಕ್ಕೆ ಅದರ ಸುಮಾರು ಎರಡು ಪಟ್ಟು ಹಿಡಿಸುತ್ತದೆ. 1964ರಿಂದ ನೀರು ನಿಲ್ಲಿಸತೊಡಗಿದ ಮೇಲೆ ಈಜಿಪ್ಟಿನ ಮುಖಜಭೂಮಿಗೆ ವರ್ಷವರ್ಷ ಬರುತ್ತಿದ್ದ ನೆರೆ ನಿಂತೇಹೋಯಿತು. ಹಾಗಾಗಿ ಪ್ರತಿ ಅಣೆಕಟ್ಟಿನ ಉಪಯುಕ್ತ ಸಂಗ್ರಹವನ್ನು ವಾರ್ಷಿಕ ಹರಿವಿನಿಂದ ಭಾಗಿಸಿ ಇಟ್ಟುಕೊಳ್ಳಿ. ಈ ಭಾಗಾಕಾರವನ್ನು ಅಣೆಕಟ್ಟಿನ ಬುಡದಲ್ಲೊಮ್ಮೆ, ಮುಖಜಭೂಮಿಯ ತಲೆಯಲ್ಲೊಮ್ಮೆ ಮಾಡಬೇಕು. ಕೆಳಗೆ ಉಪನದಿಗಳು ಸೇರಿದಷ್ಟೂ ಅದು ಚಿಕ್ಕದಾಗುತ್ತದೆ.

ನೆರೆಯ ದಿನ ಲೆಕ್ಕಕ್ಕೆ ಬರುವುದು ಜಲಾಶಯದ ಗಾತ್ರಕ್ಕಿಂತ ಆ ದಿನ ಅದರಲ್ಲಿದ್ದ ಖಾಲಿ ಜಾಗ. ಮಳೆಗಾಲದ ಆರಂಭದ ನೆರೆಯನ್ನು ಖಾಲಿ ಜಲಾಶಯ ನುಂಗಿಬಿಡುತ್ತದೆ. ಕೊನೆಯಲ್ಲಿ ಬಂದ ನೆರೆಗೆ ಜಲಾಶಯ ತುಂಬಿ ನಿಂತಿರುತ್ತದೆ. 2009ರ ಅಕ್ಟೋಬರ್ ಆರಂಭದಲ್ಲಿ ಕೃಷ್ಣಾ ನದಿಯಲ್ಲಿ ಶ್ರೀಶೈಲಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ಒಳಹರಿವು ಬಂತು. ನಾಗಾರ್ಜುನಸಾಗರವನ್ನೂ ದಾಟಿ ವಿಜಯವಾಡದ ಪ್ರಕಾಶಂ ಬ್ಯಾರೇಜ್ ತಲುಪುವ ಹೊತ್ತಿಗೆ ಅದು ಸುಮಾರು 11 ಲಕ್ಷಕ್ಕೆ ಇಳಿದಿತ್ತು. ಶಿಖರ ಅರ್ಧಕ್ಕೂ ಕೆಳಗೆ ಬಂತು, ಆದರೂ 11 ಲಕ್ಷ ಎಂಬುದು ಮುಖಜಭೂಮಿಗೆ ಭಾರೀ ನೆರೆಯೇ. ದೊಡ್ಡ ನೆರೆಗಳ ಪಟ್ಟಿಯಲ್ಲಿ ದಿನಾಂಕದ ಪಕ್ಕದಲ್ಲೇ ಹಿಂದಿನ ದಿನ ಮೇಲಿನ ಜಲಾಶಯಗಳಲ್ಲಿದ್ದ ಖಾಲಿ ಜಾಗವನ್ನು ಟಿಎಂಸಿಯಲ್ಲಿ ಬರೆದಿಡಿ. ಯಾವ ನೆರೆಗೆ ಅಣೆಕಟ್ಟು ತಡೆಯಾಯಿತು, ಯಾವುದಕ್ಕೆ ಆಗಲಿಲ್ಲ ಎಂಬುದು ಆ ಒಂದು ಅಂಕಣದಲ್ಲೇ ಕಾಣುತ್ತದೆ.

ಅಣೆಕಟ್ಟಿಲ್ಲದಿದ್ದರೆ ಎಷ್ಟು ಬರುತ್ತಿತ್ತು ಎಂದು ಕಂಡುಹಿಡಿಯಲು ಹೊರಹರಿವಿಗೆ ಆ ದಿನದ ಸಂಗ್ರಹದ ಏರಿಕೆ, ಆವಿ, ನಾಲೆಗೆ ಹೋದದ್ದು ಇವಿಷ್ಟನ್ನೂ ಸೇರಿಸಿ. ಬಂದ ಹರಿವನ್ನು ಮುಖಜಭೂಮಿಯವರೆಗೆ ಸಾಗಿಸಬೇಕು: ಎಷ್ಟು ದಿನಕ್ಕೆ ತಲುಪುತ್ತದೆ ಎಂಬುದನ್ನು ಎರಡು ಕೇಂದ್ರಗಳ ಶಿಖರಗಳ ಅಂತರದಿಂದ ತಿಳಿಯಿರಿ, ದಾರಿಯಲ್ಲಿ ಶಿಖರ ಚಪ್ಪಟೆಯಾಗುವುದಕ್ಕೆ ಮಸ್ಕಿಂಗಮ್ ವಿಧಾನ ಸಾಕು. ಲೆಕ್ಕದಲ್ಲಿ ಕೆಲವು ದಿನ ಸೊನ್ನೆಗಿಂತ ಕಡಿಮೆ ಹರಿವು ಬರುತ್ತದೆ. ಅವನ್ನು ಅಳಿಸಿ ಸೊನ್ನೆ ಬರೆದರೆ ಇಲ್ಲದ ನೀರನ್ನು ನದಿಗೆ ಸುರಿದಂತಾಗುತ್ತದೆ. 3ರಿಂದ 5 ದಿನದ ಸರಾಸರಿ ತೆಗೆದರೆ ತಾನೇ ಸರಿಹೋಗುತ್ತದೆ. ಜಲಾಶಯ ಹೇಗೆ ನಡೆಯಬೇಕು ಎಂದು ಕೈಪಿಡಿಯಲ್ಲಿ ಬರೆದದ್ದನ್ನು ಬಿಟ್ಟು ನಿಜವಾಗಿ ನಡೆಸಿದ ದಾಖಲೆಯನ್ನೇ ಬಳಸಿ. ಎರಡಕ್ಕೂ ಬಹಳ ಅಂತರ ಇರುತ್ತದೆ.

ಹವಾಮಾನದ ಪಾಲು

ಅಣೆಕಟ್ಟನ್ನು ತೆಗೆದುಹಾಕಿದ ಈ ಹರಿವೇ ಹವಾಮಾನವನ್ನು ಓದುವ ಪುಟ. ಅದರ ಮೇಲೆ ಮಾನ್-ಕೆಂಡಲ್ ಎಂಬ ಅಂಕಿಅಂಶ ಪರೀಕ್ಷೆಯಿಂದ ಏರಿಕೆ-ಇಳಿಕೆಯ ಒಲವನ್ನೂ ಪೆಟಿಟ್ ಪರೀಕ್ಷೆಯಿಂದ ತಿರುವಿನ ವರ್ಷವನ್ನೂ ಹುಡುಕಿ. ನದಿಯಲ್ಲಿ ಅಳೆದ ಹರಿವಿನಲ್ಲಿ ತಿರುವು ಕಂಡು, ಇದರಲ್ಲೂ ಮಳೆಯಲ್ಲೂ ಕಾಣದಿದ್ದರೆ ಅದು ಅಣೆಕಟ್ಟಿನದೋ ನೀರೆತ್ತುವಿಕೆಯದೋ. ಮೂರರಲ್ಲೂ ಕಂಡರೆ ಮಳೆಯದು. ಎಲ್ ನಿನೊದಂಥ ಏರಿಳಿತ ಕೆಲವು ವರ್ಷ ಒಂದೇ ಕಡೆ ವಾಲಿರಬಹುದು, 15 ವರ್ಷದ ಒಲವನ್ನು ಹವಾಮಾನ ಬದಲಾವಣೆ ಎಂದು ಕರೆಯುವ ಅವಸರ ಬೇಡ.

ಗಾಳಿ 1 ಡಿಗ್ರಿ ಬೆಚ್ಚಗಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ನೆರೆಯೂ ಶೇ 7 ಹೆಚ್ಚುತ್ತದೆ ಎಂದು ಇದರಿಂದ ಹೇಳಲಾಗದು. ಬೆಚ್ಚಗಿನ ವರ್ಷಗಳಲ್ಲಿ ಮಣ್ಣು ಮೊದಲೇ ಒಣಗಿರುವುದರಿಂದ ಸಣ್ಣ ನೆರೆಗಳು ಕುಗ್ಗಬಹುದು. ಮಣ್ಣು ತುಂಬಿದ ಮೇಲೆ ಬರುವ ದೊಡ್ಡ ನೆರೆಗಳು ಹಿಗ್ಗಬಹುದು. ಎರಡನ್ನೂ ಬೇರೆಯಾಗಿ ನೋಡಿ.

ಮುಂದಿನ ಕಾಲಕ್ಕೆ ಹವಾಮಾನ ಮಾದರಿ ಬಳಸುವಾಗ ಸಾಮಾನ್ಯವಾಗಿ ಆಗುವ ತಪ್ಪು, ಹತ್ತು ಮಾದರಿಗಳ ದಿನವಹಿ ಹರಿವನ್ನು ಕೂಡಿ ಸರಾಸರಿ ಮಾಡುವುದು. ಪ್ರತಿ ಮಾದರಿಯ ನೆರೆ ಬೇರೆ ದಿನ ಬರುತ್ತದೆ, ಸರಾಸರಿಯಲ್ಲಿ ಶಿಖರಗಳೆಲ್ಲ ಕರಗಿಹೋಗುತ್ತವೆ. ಪ್ರತಿ ಮಾದರಿಗೂ ಬೇರೆಯಾಗಿ ನೆರೆಯ ಲೆಕ್ಕ ಮುಗಿಸಿ, ಆಮೇಲೆ ಫಲಿತಾಂಶಗಳ ಮಧ್ಯಾಂಕವನ್ನೂ ವ್ಯಾಪ್ತಿಯನ್ನೂ ಕೊಡಿ.

ಎರಡನ್ನೂ ಬಿಡಿಸಲು ನಾಲ್ಕು ಸಲ ಲೆಕ್ಕ ಹಾಕಿ. ಲೆಕ್ಕದ ರೀತಿ ತಿಳಿಯಲೆಂದು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಹಳೆಯ ಹವಾಮಾನದಲ್ಲಿ ಅಣೆಕಟ್ಟಿಲ್ಲದೆ ಶಿಖರ 20,000 ಕ್ಯೂಮೆಕ್, ಅಣೆಕಟ್ಟಿನೊಡನೆ 17,000. ಹೊಸ ಹವಾಮಾನದಲ್ಲಿ ಅಣೆಕಟ್ಟಿಲ್ಲದೆ 23,000, ಅಣೆಕಟ್ಟಿನೊಡನೆ 22,000. ಹಳೆಯ ಕಾಲದಲ್ಲಿ 3,000 ತಗ್ಗಿಸುತ್ತಿದ್ದ ಅಣೆಕಟ್ಟು ಹೊಸ ಕಾಲದಲ್ಲಿ ತಗ್ಗಿಸುವುದು 1,000 ಮಾತ್ರ, ಏಕೆಂದರೆ ನೀರು ಹೆಚ್ಚಾಗಿ ಜಲಾಶಯ ಬೇಗ ತುಂಬುತ್ತದೆ. ಹಾಗಾದರೆ ಅಣೆಕಟ್ಟಿನ ಪಾಲು 3,000ವೋ 1,000ವೋ? ಎರಡೂ ಸರಿ. ಶೇ 60 ಅಣೆಕಟ್ಟು, ಶೇ 40 ಹವಾಮಾನ ಎಂದು ಒಂದೇ ಸಾಲಿನಲ್ಲಿ ಹಂಚಿಬಿಡುವ ವರದಿ ಈ ಕೂಡುಪರಿಣಾಮವನ್ನು ಎಲ್ಲಿ ಸೇರಿಸಿದೆ ಎಂದು ಕೇಳಿ. ನಿಮ್ಮ ವರದಿಯಲ್ಲಿ ನಾಲ್ಕೂ ಅಂಕಿಗಳನ್ನು ಮುದ್ರಿಸಿ.

ಹೂಳಿನ ಲೆಕ್ಕ

ಜಲಾಶಯ ಎಷ್ಟು ಹೂಳು ಹಿಡಿಯುತ್ತದೆ ಎಂಬ ಮೊದಲ ಅಂದಾಜಿಗೆ ಹೀಗೆ ಮಾಡಿ: ಸಂಗ್ರಹವನ್ನು ವಾರ್ಷಿಕ ಒಳಹರಿವಿನಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆಯಿರಿ, 0.05 ಅನ್ನು ಅದರಿಂದ ಭಾಗಿಸಿ, 1ರಿಂದ ಕಳೆಯಿರಿ. ಸಂಗ್ರಹ ಒಳಹರಿವಿನ ಕಾಲುಭಾಗವಿದ್ದರೆ 0.9, ಅಂದರೆ ಶೇ 90 ಹೂಳು ಅಲ್ಲೇ ಉಳಿಯುತ್ತದೆ. ನೂರರಲ್ಲಿ ಒಂದು ಭಾಗವಿದ್ದರೂ ಶೇ 50. ನೀರಿನ ಮೇಲೆ ಹೆಚ್ಚು ಪರಿಣಾಮ ಮಾಡದ ಸಣ್ಣ ಜಲಾಶಯವೂ ಹೂಳನ್ನು ಅರ್ಧ ನುಂಗುತ್ತದೆ. ಮುಖಜಭೂಮಿಗೆ ಅಣೆಕಟ್ಟುಗಳು ಮಾಡುವ ದೊಡ್ಡ ಹಾನಿ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಚೀನಾದ ಯಾಂಗ್‌ಟ್ಸಿಯಲ್ಲಿ ಕೆಳಗಿನ ದಾತೋಂಗ್ ಕೇಂದ್ರ ದಾಟುತ್ತಿದ್ದ ಹೂಳು 1950ರಿಂದ 2002ರವರೆಗೆ ವರ್ಷಕ್ಕೆ ಸರಾಸರಿ 40 ಕೋಟಿ ಟನ್ನಿಗೂ ಹೆಚ್ಚಿತ್ತು. 2003ರಲ್ಲಿ ತ್ರೀ ಗಾರ್ಜಸ್ ಅಣೆಕಟ್ಟಿನ ಜಲಾಶಯ ತುಂಬತೊಡಗಿದ ಮೇಲೆ ಅದು ಮೂರನೇ ಒಂದು ಭಾಗದ ಆಸುಪಾಸಿಗೆ ಬಂತು.

ನೆಲಕ್ಕೆ ಎಷ್ಟು ಹೂಳು ಬೇಕು? 10 ಲಕ್ಷ ಟನ್ ಹೂಳನ್ನು 1,000 ಚದರ ಕಿ.ಮೀ. ಮೇಲೆ ಸಮನಾಗಿ ಹರಡಿದರೆ, ಘನ ಮೀಟರಿಗೆ 1.2 ಟನ್ ಸಾಂದ್ರತೆಯಲ್ಲಿ, ಸುಮಾರು 0.8 ಮಿ.ಮೀ. ದಪ್ಪ ಬರುತ್ತದೆ. ಸಮುದ್ರ ಏರುವುದೂ ನೆಲ ಇಳಿಯುವುದೂ ಸೇರಿ ವರ್ಷಕ್ಕೆ 10 ಮಿ.ಮೀ. ಆದರೆ ಅದಕ್ಕೆ ಸರಿಗಟ್ಟಲು ಪ್ರತಿ 1,000 ಚದರ ಕಿ.ಮೀ.ಗೆ ವರ್ಷಕ್ಕೆ ಸುಮಾರು 1.2 ಕೋಟಿ ಟನ್ ಬೇಕು. ಅದೂ ನೆಲದ ಮೇಲೆ ಕೂರುವ ಹೂಳು. ಒಡ್ಡುಗಳ ನಡುವೆ ಹರಿದು ಸಮುದ್ರಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ.

ಬಾಂಗ್ಲಾದೇಶದ ಪೋಲ್ಡರ್‌ಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಉಪ್ಪುನೀರು ಬಾರದಂತೆ 1960ರ ದಶಕದಿಂದ ಸುತ್ತ ಒಡ್ಡು ಕಟ್ಟಿದ ದ್ವೀಪಗಳವು. ನದಿಯಲ್ಲಿ ಹೂಳಿಗೆ ಬರವಿರಲಿಲ್ಲ, ಗಂಗಾ-ಬ್ರಹ್ಮಪುತ್ರ ವರ್ಷಕ್ಕೆ ಸುಮಾರು 100 ಕೋಟಿ ಟನ್ ತರುತ್ತವೆ. ಆದರೆ ಒಡ್ಡು ಅದನ್ನು ಒಳಗೆ ಬಿಡಲಿಲ್ಲ. 32ನೇ ಪೋಲ್ಡರ್‌ನ ನೆಲ ಪಕ್ಕದ ಸುಂದರಬನದ ಕಾಡಿಗಿಂತ 1ರಿಂದ 1.5 ಮೀಟರ್ ಕೆಳಗಿಳಿಯಿತು. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತಕ್ಕೆ ಒಡ್ಡು ಒಡೆದಾಗ ನೀರು ಒಳಗೇ ಮನೆಮಾಡಿತು, ಉಬ್ಬರ ಬಂದಾಗಲೆಲ್ಲ ಊರು ಮುಳುಗಿತು. ಒಡಕು ಮುಚ್ಚುವ ಮೊದಲು ಅದೇ ಉಬ್ಬರ ಹತ್ತಾರು ಸೆಂಟಿಮೀಟರ್ ಹೂಳನ್ನೂ ಒಳಗೆ ತಂದು ಹಾಕಿತು. ಇಲ್ಲಿನ ಮುಳುಗಡೆಗೆ ಅಣೆಕಟ್ಟನ್ನಾಗಲಿ ಸಮುದ್ರವನ್ನಾಗಲಿ ಮೊದಲು ದೂರಿದ್ದರೆ ಲೆಕ್ಕ ತಪ್ಪುತ್ತಿತ್ತು.

ಹೂಳಿನ ಮಾದರಿ ಸಂಗ್ರಹಿಸುವಾಗ ನೆನಪಿರಲಿ, ವರ್ಷದ ಹೂಳಿನಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಹಾದುಹೋಗುತ್ತದೆ. ವಾರಕ್ಕೊಂದು ಮಾದರಿ ಎಂದರೆ ಆ ದಿನಗಳೇ ತಪ್ಪಬಹುದು. ನೀರು ಏರುವಾಗ ದಿನಕ್ಕೆ ಎರಡು, ಇಳಿಯುವಾಗ ಒಂದು ತೆಗೆಯಿರಿ. ಒಂದೇ ಹರಿವಿಗೆ ಏರುವಾಗಿನ ಹೂಳು ಇಳಿಯುವಾಗಿನದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಮರಳನ್ನೂ ಜೇಡಿಯನ್ನೂ ಬೇರೆ ಬೇರೆ ತೂಗಿ: ಪಾತ್ರವನ್ನೂ ಕಡಲತೀರವನ್ನೂ ಕಟ್ಟುವುದು ಮರಳು, ಗದ್ದೆಯನ್ನು ಎತ್ತರಿಸುವುದು ಜೇಡಿ.

ಸಮುದ್ರ ಮತ್ತು ಇಳಿಯುವ ನೆಲ

2006ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3.7 ಮಿ.ಮೀ. ಏರಿತು. ಅಂತರ್ಜಲ ಎತ್ತುವ ಮುಖಜಭೂಮಿಗಳಲ್ಲಿ ನೆಲ ವರ್ಷಕ್ಕೆ 1 ಸೆಂ.ಮೀ.ಗೂ ಹೆಚ್ಚು ಇಳಿಯುವ ಜಾಗಗಳು ಹಲವು. ಅಂಥ ಕಡೆ ಇವೆರಡನ್ನೂ ಸೇರಿಸಿ ಸಮುದ್ರ ಏರಿತು ಎಂದು ಬರೆದರೆ ಪಂಪ್ ನಿಲ್ಲಿಸಿ ತಡೆಯಬಹುದಾದ ಪಾಲು ಕಣ್ಮರೆಯಾಗುತ್ತದೆ.

ನೆಲ ಇಳಿಯುವುದನ್ನು ಕಣ್ಣಾರೆ ಕಾಣಲು ಹಳೆಯ ಕೊಳವೆಬಾವಿಗಳ ಬಳಿ ಹೋಗಿ. ಕೇಸಿಂಗ್ ಪೈಪು ಆಳದ ಗಟ್ಟಿ ಪದರದಲ್ಲಿ ನಿಂತಿರುತ್ತದೆ, ಸುತ್ತಲಿನ ಮಣ್ಣು ಕುಗ್ಗುತ್ತದೆ. ಕಟ್ಟುವಾಗ ನೆಲಕ್ಕೆ ಅಂಟಿದ್ದ ಸಿಮೆಂಟ್ ಕಟ್ಟೆ ಈಗ ಪೈಪಿಗೆ ನೇತಾಡುತ್ತಾ, ಅಡಿಯಲ್ಲಿ ಕೈ ತೂರುವಷ್ಟು ಸಂದು ಬಿಟ್ಟಿರುತ್ತದೆ. ಆ ಸಂದನ್ನು ಟೇಪಿನಿಂದ ಅಳೆದು ಬಾವಿಯ ವಯಸ್ಸಿನಿಂದ ಭಾಗಿಸಿ. 20 ವರ್ಷದ ಬಾವಿಗೆ 24 ಸೆಂ.ಮೀ. ಸಂದಿದ್ದರೆ ವರ್ಷಕ್ಕೆ 12 ಮಿ.ಮೀ. ಪೈಪಿನ ಬುಡಕ್ಕಿಂತ ಕೆಳಗಿನ ಪದರ ಕುಗ್ಗಿದ್ದು ಇದರಲ್ಲಿ ಬರುವುದಿಲ್ಲ, ಆದ್ದರಿಂದ ಇದು ಕನಿಷ್ಠ ಅಂಕಿ. ಸುತ್ತ ಮಳೆನೀರು ಮಣ್ಣು ಕೊಚ್ಚಿದೆಯೇ ಎಂದು ಮೊದಲು ನೋಡಿಕೊಳ್ಳಿ. ಹತ್ತು-ಹದಿನೈದು ಬಾವಿ ಅಳೆದರೆ ಉಪಗ್ರಹದ ಇನ್‌ಸಾರ್ (ರೇಡಾರ್ ಚಿತ್ರಗಳನ್ನು ಹೋಲಿಸಿ ನೆಲದ ಇಳಿತ ಅಳೆಯುವ ವಿಧಾನ) ಅಂಕಿಗೆ ಒಳ್ಳೆಯ ತಾಳೆ ಸಿಗುತ್ತದೆ.

ಉಬ್ಬರವನ್ನು ಬೇರ್ಪಡಿಸಲು ಗಂಟೆಯ ಮಟ್ಟಕ್ಕೆ 25 ಗಂಟೆಯ ಚಲಿಸುವ ಸರಾಸರಿ ತೆಗೆಯಿರಿ. ಉಳಿದದ್ದು ನದಿ, ಗಾಳಿ, ಸಮುದ್ರಮಟ್ಟಗಳ ಪಾಲು. ಉಬ್ಬರದ ಎತ್ತರವೇ 18.6 ವರ್ಷದ ಚಂದ್ರನ ಆವರ್ತದಲ್ಲಿ ಏರಿಳಿಯುತ್ತದೆ. ಹತ್ತು ವರ್ಷದ ದಾಖಲೆಯಿಂದ ಉಬ್ಬರದ ಒಲವು ತೆಗೆದರೆ ಚಂದ್ರನ ಏರಿಕೆಯನ್ನು ಹವಾಮಾನದ ಖಾತೆಗೆ ಹಾಕಿದಂತೆ. 19 ವರ್ಷ ಇರಲಿ.

ಉಪ್ಪನ್ನು ಅಳೆಯುವವರು ದಂಡೆಯಲ್ಲಿ ನಿಂತು ಮೇಲಿನ ನೀರನ್ನು ಬಕೆಟಿನಲ್ಲಿ ಎತ್ತುತ್ತಾರೆ. ಉಪ್ಪುನೀರು ಭಾರ, ತಳದಲ್ಲಿ ನುಸುಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿ ಈ ಮೂರೂ ಸಮಯದಲ್ಲಿ, ಉಬ್ಬರ ತುಂಬಿ ನೀರು ನಿಂತ ಹೊತ್ತಿಗೆ, ತಳದಿಂದ ಅರ್ಧ ಮೀಟರ್ ಮೇಲೆ ವಾಹಕತೆಯ ಮೀಟರ್ ಇಳಿಸಿ. ಲೀಟರಿಗೆ 4 ಗ್ರಾಂ ಉಪ್ಪಿನ ಗೆರೆ ಸಮುದ್ರದಿಂದ ಎಷ್ಟು ಕಿ.ಮೀ. ಒಳಗಿದೆ ಎಂಬುದನ್ನು ವಿಯೆಟ್ನಾಂನಲ್ಲಿ ಭತ್ತದ ಬೆಳೆಗೆ ಎಚ್ಚರಿಕೆಯ ಗುರುತಾಗಿ ಬಳಸುತ್ತಾರೆ. ಬೇಸಿಗೆಯಲ್ಲಿ ಹರಿವು ಹೆಚ್ಚಿದರೂ ಆ ಗೆರೆ ಒಳಗೆ ಸರಿದಿದ್ದರೆ ಪಾತ್ರದ ಆಳವನ್ನು ಮತ್ತೆ ನೋಡಿ.

ಎಷ್ಟು ಸಲ ಬರುತ್ತದೆ

ನೂರು ವರ್ಷಕ್ಕೊಮ್ಮೆಯ ನೆರೆ ಎಂಬ ಮಾತು ಜನರನ್ನು ದಾರಿತಪ್ಪಿಸುತ್ತದೆ. ಅದು 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26, 50 ವರ್ಷದಲ್ಲಿ ಶೇ 39. ಪಂಚಾಯಿತಿಗೆ, ರೈತರಿಗೆ ಹೇಳುವಾಗ ಈ ಅಂಕಿಯನ್ನೇ ಹೇಳಿ.

ಕೆಳಪಟ್ಟಿಯಲ್ಲಿ ಸಮುದ್ರಮಟ್ಟದ ಸಣ್ಣ ಏರಿಕೆಯೂ ನೆರೆಯ ಸಂಖ್ಯೆಯನ್ನು ಬೇಗ ಹೆಚ್ಚಿಸುತ್ತದೆ. ವಾರ್ಷಿಕ ಗರಿಷ್ಠ ಮಟ್ಟಗಳಿಗೆ ಗಂಬೆಲ್ ವಿತರಣೆ (ಗರಿಷ್ಠಗಳ ಸಾಧ್ಯತೆ ಹೇಳುವ ಸೂತ್ರ) ಹೊಂದಿಸಿದಾಗ ಬರುವ ಮಾಪಕ ಸಂಖ್ಯೆ, ಅಂದರೆ ಆ ಮಟ್ಟಗಳು ಎಷ್ಟು ಚದುರಿವೆ ಎಂಬುದರ ಅಳತೆ, 10 ಸೆಂ.ಮೀ. ಆಗಿದ್ದರೆ, ಮಟ್ಟ 23 ಸೆಂ.ಮೀ. ಏರಿದಾಗ ಹಿಂದೆ ನೂರು ವರ್ಷಕ್ಕೊಮ್ಮೆ ತಲುಪುತ್ತಿದ್ದ ಎತ್ತರವನ್ನು ನೀರು ಹತ್ತು ವರ್ಷಕ್ಕೊಮ್ಮೆ ತಲುಪುತ್ತದೆ. ಮಾಪಕ ಸಂಖ್ಯೆ 30 ಸೆಂ.ಮೀ. ಇದ್ದರೆ ಅದೇ ಏರಿಕೆಗೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಚಂಡಮಾರುತದ ಹೊಡೆತ ಅಪರೂಪವಾದ ಶಾಂತ ಕರಾವಳಿಯಲ್ಲೇ ಈ ಗುಣಾಕಾರ ಭೀಕರ.

ನದಿಯ ನೆರೆಯೂ ಸಮುದ್ರ ಉಕ್ಕುವುದೂ ಒಟ್ಟಿಗೆ ಬರುವುದನ್ನು ಬೇರೆಯಾಗಿ ಎಣಿಸಿ. ನದಿಯ ಹರಿವು ಮೇಲಿನ ಶೇ 5ರಲ್ಲಿದ್ದ ದಿನಗಳು, ಸಮುದ್ರಮಟ್ಟ ಮೇಲಿನ ಶೇ 5ರಲ್ಲಿದ್ದ ದಿನಗಳು, ಎರಡೂ ಕೂಡಿದ ದಿನಗಳು. ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಕೂಡಿದ ದಿನ ಸಾವಿರಕ್ಕೆ ಎರಡೂವರೆ ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಒಡ್ಡಿನ ಎತ್ತರವನ್ನು ನದಿಯೊಂದರ ನೆರೆ ನೋಡಿ ನಿಗದಿ ಮಾಡಬಾರದು. ಅಣೆಕಟ್ಟು ನೀರನ್ನು ತಡಮಾಡಿ ಬಿಡುವುದರಿಂದ ನೆರೆಯ ದಿನ ಚಂಡಮಾರುತದ ತಿಂಗಳಿಗೆ ಸರಿಯುವುದೂ ಉಂಟು. ಶಿಖರ ತಗ್ಗಿದರೂ ಅಪಾಯ ಏರುವ ದಾರಿ ಇದು.

ಫಲಿತಾಂಶ ಕೈಗೆ ಬಂದ ಮೇಲೆ

ಮಾಡಬಹುದಾದದ್ದು ಯಾವ ಪಾಲು ದೊಡ್ಡದು ಎಂಬುದರ ಮೇಲೆ ನಿಲ್ಲುತ್ತದೆ. ಖಾಲಿ ಜಾಗದ ಅಂಕಣದಲ್ಲಿ ಮಳೆಗಾಲದ ಕೊನೆಯ ನೆರೆಗಳೆಲ್ಲ ಸೊನ್ನೆ ತೋರಿಸಿದರೆ, ಯಾವ ತಾರೀಖಿಗೆ ಎಷ್ಟು ಟಿಎಂಸಿ ಖಾಲಿ ಇರಬೇಕೆಂದು ಪಟ್ಟು ಹಿಡಿದು ಕೇಳಿ. ಹೂಳಿನ ಕೊರತೆ ದೊಡ್ಡದಾದರೆ ನೆರೆಯ ಮೊದಲ ದಿನಗಳಲ್ಲಿ ಜಲಾಶಯದ ಮಟ್ಟ ತಗ್ಗಿಸಿ ಕೆಳತೂಬುಗಳಿಂದ ಹೂಳುನೀರು ಹೊರಗೆ ಬಿಡಬಹುದು. ಹಳದಿ ನದಿಯಲ್ಲಿ 2002ರಿಂದ ಇಂಥ ಬಿಡುವಿಕೆ ನಡೆಸುತ್ತಿದ್ದಾರೆ. ಕೆಳತೂಬಿಲ್ಲದ ಅಣೆಕಟ್ಟಿನಲ್ಲಿ ಇದು ಆಗದು. ಪೋಲ್ಡರ್ ತಗ್ಗಾಗಿದ್ದರೆ ಒಡ್ಡಿನ ಒಂದು ಭಾಗ ತೆರೆದು ಕೆಲವು ವರ್ಷ ಉಬ್ಬರದ ಹೂಳು ಕೂರಲು ಬಿಡುವ ಕ್ರಮ ಬಾಂಗ್ಲಾದೇಶದಲ್ಲಿದೆ. ಆ ವರ್ಷಗಳಲ್ಲಿ ಬೆಳೆ ಕಳೆದುಕೊಳ್ಳುವ ರೈತರಿಗೆ ಪರಿಹಾರ ಮೊದಲೇ ಗೊತ್ತಾಗದಿದ್ದರೆ ಅದು ನಡೆಯುವುದೇ ಇಲ್ಲ, ನಡೆಯಲೂ ಬಾರದು. ನೀರು ಬಿಡುವುದನ್ನು ನಿಲ್ಲಿಸುವಾಗ ಹಂತಹಂತವಾಗಿ ನಿಲ್ಲಿಸಬೇಕು. ದಂಡೆಯ ಮಣ್ಣಿನೊಳಗಿನ ನೀರು ಬಸಿಯುವ ಮೊದಲೇ ನದಿ ಸರ್ರನೆ ಇಳಿದರೆ ದಂಡೆ ಜಾರಿ ಬೀಳುತ್ತದೆ.

ಇಷ್ಟಕ್ಕೂ ಬೇಕಾದ ಅಳತೆ ಒಂದಿದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಪ್ರತಿ ಕವಲಿನಲ್ಲಿ ಎರಡೋ ಮೂರೋ ಜಾಗ ಆರಿಸಿ, ಎರಡೂ ದಂಡೆಯಲ್ಲಿ ಆಳದ ಪೈಲ್ ಮೇಲೆ ಕಲ್ಲು ನೆಟ್ಟು, ಪ್ರತಿ ನೆರೆ ಇಳಿದ ತಿಂಗಳೊಳಗೆ ಅದೇ ಗೆರೆಯಲ್ಲಿ ದಂಡೆಯಿಂದ ದಂಡೆಗೆ ಪಾತ್ರದ ಆಳ ಅಳೆಯಿರಿ. ಆ ಕಲ್ಲಿನ ಎತ್ತರವನ್ನೂ ವರ್ಷಕ್ಕೊಮ್ಮೆ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ಸ್ಥಾನಮಾಪನ) ಉಪಕರಣದಿಂದ ನೋಡಿಕೊಳ್ಳಿ, ಏಕೆಂದರೆ ಕಲ್ಲೂ ನೆಲದ ಜೊತೆ ಇಳಿಯುತ್ತಿರಬಹುದು.